ಏಳು ಪೆಟ್ಟಿಗೆ, ಆರು ಚೀಟಿ

ಶೀತಲಗೃಹದ ಮೂರನೇ ಕೋಣೆಯಲ್ಲಿ ಪೈಪು ಒಡೆದದ್ದು ಒಂದು ಸೋಮವಾರ ಬೆಳಿಗ್ಗೆ. ನೀರು ಸುರಿದದ್ದು ಮೂಲೆಯಲ್ಲಿದ್ದ ಏಳು ಪೆಟ್ಟಿಗೆಗಳ ಮೇಲೆ. ಒಳಗಿನ ಮಾಂಸಕ್ಕೆ ಏನೂ ಆಗಲಿಲ್ಲ. ದಪ್ಪ ಪ್ಲಾಸ್ಟಿಕ್ಕಿನೊಳಗೆ ಕಲ್ಲಿನ ಹಾಗೆ ಹೆಪ್ಪುಗಟ್ಟಿ ಕೂತಿತ್ತು. ಆದರೆ ಪೆಟ್ಟಿಗೆಗಳ ಮೇಲೆ ಅಂಟಿಸಿದ್ದ ಚೀಟಿಗಳೆಲ್ಲ ಕಳಚಿ ನೆಲಕ್ಕೆ ಬಿದ್ದವು. ಸ್ಟೋರಿನ ಉಸ್ತುವಾರಿ ನೋಡುತ್ತಿದ್ದ ಹೆಂಗಸು ಬಂದು ಒಂದೊಂದನ್ನೇ ಹೆಕ್ಕಿ ಒಣಗಿಸಿದಳು. ಸಿಕ್ಕಿದ್ದು ಆರು: ಮೊಸಳೆ, ಶಾರ್ಕ್, ಒಂಟೆ, ಉಷ್ಟ್ರಪಕ್ಷಿ, ಲೋಳೆಮೀನು ಅಂದರೆ ಜೆಲ್ಲಿಫಿಶ್, ಸೌತೆಕಾಯಿಯಂತೆ ಕಾಣುವ ಸಮುದ್ರಜೀವಿ ಕಡಲಸೌತೆ. ಏಳನೆಯದು ನೀರಲ್ಲಿ ಕರಗಿಹೋಗಿರಬೇಕು ಎಂದು ಎಲ್ಲರೂ ತೀರ್ಮಾನಿಸಿದರು.

ಆ ಸರಕೆಲ್ಲ ಒಬ್ಬ ವ್ಯಾಪಾರಿಯದು. ಯಾವುದೋ ದೊಡ್ಡ ಹೋಟೆಲು 'ಜಗತ್ತಿನ ವಿಚಿತ್ರ ಭೋಜನ' ಅಂತ ಔತಣ ಇಟ್ಟುಕೊಂಡಿತ್ತು, ಅದಕ್ಕೆ ತರಿಸಿದ್ದ. ಅವನಿಗೆ ಫೋನು ಮಾಡಿದರೆ, "ಆರೋ ಏಳೋ ಪೆಟ್ಟಿಗೆ ಇರಬೇಕು ಮೇಡಂ. ಯಾವುದು ಯಾವುದು ಅಂತ ನನ್ನ ಕೇಳಬೇಡಿ. ನಾನು ಮಾರೋನು, ತಿನ್ನೋನಲ್ಲ," ಎಂದ.

ಮಧ್ಯಾಹ್ನದ ಹೊತ್ತಿಗೆ ತಪಾಸಣೆ ಅಧಿಕಾರಿ ಬಂದರು. ಶರ್ಟಿನ ಗುಂಡಿಗಳನ್ನು ಕುತ್ತಿಗೆಯವರೆಗೂ ಹಾಕಿಕೊಳ್ಳುವ, ನಗುವುದಕ್ಕೂ ಮೇಲಿನಿಂದ ಆದೇಶ ಬರಬೇಕು ಅನ್ನುವಂಥ ಮನುಷ್ಯ. ಏಳೂ ಪೆಟ್ಟಿಗೆ ತೆರೆಸಿ ನೋಡಿದರು. ಎಲ್ಲದರಲ್ಲೂ ಚರ್ಮ ಸುಲಿದು ಬೆರಳುದ್ದ ಕತ್ತರಿಸಿದ ತುಂಡುಗಳು. ಎರಡರಲ್ಲಿ ಬಿಳಿ, ಮೂರರಲ್ಲಿ ಕೆಂಪು, ಇನ್ನೆರಡರಲ್ಲಿ ಏನೆಂದು ಹೇಳಲಾಗದ ಲೋಳೆ.

"ಚೀಟಿ ಇಲ್ಲದೆ ಪೆಟ್ಟಿಗೆ ಹೊರಗೆ ಹೋಗೋ ಹಾಗಿಲ್ಲ," ಎಂದರು ಅಧಿಕಾರಿ. "ತಪ್ಪು ಚೀಟಿ ಅಂಟಿಸಿದರೆ ಅಪರಾಧ. ಎಸೆಯಬೇಕು ಅಂದರೂ ಫಾರಮ್ಮಿನಲ್ಲಿ ಪ್ರಾಣಿಯ ಹೆಸರು ಬರೀಬೇಕು."

"ಪ್ರಯೋಗಾಲಯಕ್ಕೆ ಕಳಿಸೋಣವಾ ಸರ್?" ಎಂದಳು ಹೆಂಗಸು.

"ಕಳಿಸೋಣ. ಉತ್ತರ ಬರೋಕೆ ಮೂರು ತಿಂಗಳು. ಔತಣ ಈ ಶನಿವಾರ." ಅವರು ಪೆನ್ನಿನ ತುದಿ ಕಚ್ಚಿದರು. "ಇವನ್ನೆಲ್ಲ ತಿಂದು ಗೊತ್ತಿರೋರು ಯಾರಾದರೂ ಇದ್ದಾರಾ? ನಿಯಮದಲ್ಲಿ 'ಅನುಭವಿ ವ್ಯಕ್ತಿಯ ಹೇಳಿಕೆ' ಅಂತ ಒಂದು ದಾರಿ ಇದೆ."

ಅವಳು ಬಾಯಿ ಮುಚ್ಚಿಕೊಂಡು ಇರಬಹುದಿತ್ತು. ಇರಲಿಲ್ಲ. "ನಮ್ಮ ಮಾವ ಇದ್ದಾರೆ ಸರ್," ಅಂದುಬಿಟ್ಟಳು. "ಇವೆಲ್ಲ ತಿಂದಿದ್ದಾರೆ."

ಅವಳ ಮಾವ ಮೂವತ್ತು ವರ್ಷ ಸರಕು ಹಡಗಿನಲ್ಲಿ ಅಡುಗೆ ಮಾಡಿ ನಿವೃತ್ತರಾದವರು. ಬೀದಿಯವರೆಲ್ಲ ಅವರನ್ನು ಕರೆಯುತ್ತಿದ್ದುದೇ ಹಡಗು ಮಾವ ಎಂದು. ಅವರು ಬಡಾಯಿ ಕೊಚ್ಚಲು ಕೂತರೆ ಕೇಳುವವರಿಗೆ ಊಟ ಸೇರುತ್ತಿರಲಿಲ್ಲ. "ಮೊಸಳೆ ಬಾಲ ಬಾಯಿಗಿಟ್ಟರೆ ಮೊದಲು ಕೋಳಿ ಅನ್ನುತ್ತೆ, ಆಮೇಲೆ ಮೀನು ಅನ್ನುತ್ತೆ, ನುಂಗುವಾಗ 'ನಾನ್ಯಾರು ಗೊತ್ತಾ?' ಅಂತ ಕೇಳುತ್ತೆ," ಎನ್ನುತ್ತಿದ್ದರು. ಕಡಲಸೌತೆ ತಿನ್ನುವುದೆಂದರೆ ಬೇರೆಯವರ ನಾಲಿಗೆಯನ್ನು ಅಗಿದ ಹಾಗಂತೆ. ಹೀಗೆ ಹೇಳುತ್ತಾ ತಾವು ಮಾತ್ರ ಮೆತ್ತಗೆ ಬೇಯಿಸಿದ ಅನ್ನಕ್ಕೆ ಚೂರು ಉಪ್ಪು ಹಾಕಿಕೊಂಡು ಉಣ್ಣುತ್ತಿದ್ದರು. ಲೋಕವನ್ನೇ ತಿಂದು ಮುಗಿಸಿದವರಿಗೆ ಇನ್ನು ಯಾವ ರುಚಿ ಬೇಕು ಎಂದು ಸೊಸೆ ಅಂದುಕೊಂಡಿದ್ದಳು.

ಮಾರನೆಯ ದಿನವೇ ಮೊಹರು ಹಾಕಿದ ಪತ್ರ ಮನೆಗೆ ಬಂತು. ಅತ್ತೆ ಅದನ್ನು ಎರಡು ಸಲ ಓದಿ, ಗಂಡನ ಮುಖ ನೋಡಿ, "ಹೋಗಿ ಬನ್ನಿ. ಯಾರಿಗೆ ಏನಾಗತ್ತೋ ದೇವರೇ ಬಲ್ಲ," ಎಂದು ಒಳಗೆ ಹೋದರು. ಹಡಗು ಮಾವ ಟ್ರಂಕಿನಿಂದ ಹಳೆಯ ಬಿಳಿ ಕೋಟು ತೆಗೆದು ಇಸ್ತ್ರಿ ಮಾಡಿಕೊಂಡರು.

ಬುಧವಾರ ಹತ್ತು ಗಂಟೆಗೆ ಶೀತಲಗೃಹದ ಕ್ಯಾಂಟೀನನ್ನು ಖಾಲಿ ಮಾಡಿಸಿದರು. ಹೊರಗೆ ಒಂದು ಉದ್ದ ಮೇಜು, ಒಳಗೆ ಅಡುಗೆಮನೆ, ಎರಡರ ನಡುವೆ ತಟ್ಟೆ ಕೊಡುವ ಒಂದು ಚಿಕ್ಕ ಕಿಂಡಿ. ಪೆಟ್ಟಿಗೆಗಳಿಗೆ ಒಂದರಿಂದ ಏಳರವರೆಗೆ ಸುಣ್ಣದ ಕಡ್ಡಿಯಲ್ಲಿ ನಂಬರು ಬರೆದಿದ್ದರು. ಅವನ್ನು ಹೊತ್ತು ತಂದವನು ಹಮಾಲಿ. ದಿನವಿಡೀ ಮಂಜುಗಡ್ಡೆ ಕೋಣೆಯಲ್ಲಿ ದಪ್ಪ ಕೋಟು ತೊಟ್ಟು ಓಡಾಡುವುದರಿಂದ ಅವನಿಗೆ ಹಿಮಕರಡಿ ಅಂತಲೇ ಹೆಸರು.

ಒಲೆ ಹಚ್ಚಲು ಸೊಸೆ ಮಾವನ ಜೊತೆ ಒಳಗೆ ಹೋದಳು. ಮಾವ ಬಾಣಲೆಯನ್ನು ಒಲೆಯ ಮೇಲಿಡದೆ ಕೆಳಗಿಟ್ಟರು.

"ಮಗಳೇ, ಬಾಗಿಲು ಹಾಕು," ಎಂದರು. ಅವಳು ಹಾಕಿದಳು.

"ನಾನು ಇದ್ಯಾವುದನ್ನೂ ತಿಂದಿಲ್ಲ."

"ಯಾವುದನ್ನ ಮಾವ?"

"ಯಾವುದನ್ನೂ! ಹಡಗು ಹತ್ತಿದ ಮೊದಲ ದಿನದಿಂದ ನನಗೆ ವಾಂತಿ. ಮೂವತ್ತು ವರ್ಷ ಒಣ ಬ್ರೆಡ್ಡು, ಕರಿ ಚಹಾ, ಅಷ್ಟೇ. ಮಾಂಸ ಹಾಗಿರಲಿ, ಒಂದು ಮೊಟ್ಟೆ ಕೂಡ ಹೊಟ್ಟೇಲಿ ನಿಲ್ಲುತ್ತಿರಲಿಲ್ಲ. ಊರಿಗೆ ಬಂದಮೇಲೆ ಹೊಟ್ಟೆ ಅದಕ್ಕೇ ಒಗ್ಗಿಹೋಗಿತ್ತು. ನಿಮ್ಮ ಅತ್ತೆಗೆ ಎಲ್ಲಾ ಗೊತ್ತು."

ಸೊಸೆ ದನಿ ತಗ್ಗಿಸಿದಳು. ಕಿಂಡಿಯಾಚೆ ಅಧಿಕಾರಿ ಫಾರಮ್ಮು ಜೋಡಿಸಿ ಇಡುವ ಸದ್ದು ಕೇಳುತ್ತಿತ್ತು. "ಹಾಗಿದ್ರೆ ಆ ರುಚಿ ಎಲ್ಲ? ಕೋಳಿ ಅನ್ನುತ್ತೆ, ಮೀನು ಅನ್ನುತ್ತೆ ಅಂತಿದ್ರಲ್ಲ?"

"ಅದೆಲ್ಲ ತಿಂದವರು ಹೇಳಿದ್ದು. ಆದರೆ ಒಂದು ಮಾತು. ಯಾವ ರೇವಿಗೆ ಹೋದರೂ ಕ್ಯಾಪ್ಟನ್ನು ಏನಾದರೂ ಹೊಸದು ತರಿಸೋರು, ನಾನು ಹುರಿದು ಇಂಥದೇ ಕಿಂಡಿಯಲ್ಲಿ ಕೊಡುತ್ತಿದ್ದೆ, ಕೊಟ್ಟು ಅವರ ಮುಖ ನೋಡುತ್ತಾ ನಿಲ್ಲುತ್ತಿದ್ದೆ. ನಾನಂತೂ ತಿನ್ನೋ ಹಾಗಿಲ್ಲ, ತಿನ್ನೋರ ಮುಖನಾದರೂ ನೋಡೋಣ ಅಂತ." ಮಾವ ಮುಂಗೈಯಿಂದ ಹಣೆ ಒರೆಸಿಕೊಂಡರು. "ನನಗೆ ಮಾಂಸದ ರುಚಿ ಗೊತ್ತಿಲ್ಲ ತಾಯಿ. ಮುಖ ಗೊತ್ತು."

ಅವಳು ಹೊರಗೆ ಬಂದು ಅಧಿಕಾರಿಗೆ ಹೇಳಿದ್ದು ಇಷ್ಟು: "ಅನುಭವಿಗಳು ತಾವೇ ತಿಂದು ಹೇಳೋ ಪದ್ಧತಿ ಇಲ್ಲವಂತೆ ಸರ್. ಬೇರೆಯವರು ತಿನ್ನಬೇಕು, ಅವರು ನೋಡಬೇಕು."

ಅಧಿಕಾರಿ ನಿಯಮದ ಪುಸ್ತಕ ತಿರುವಿ ಹಾಕಿದರು. 'ಹೇಳಿಕೆ' ಅಂತಿತ್ತು, 'ತಿಂದು ಹೇಳಿಕೆ' ಅಂತ ಎಲ್ಲೂ ಇರಲಿಲ್ಲ. "ಸರಿ. ಯಾರು ತಿನ್ನೋದು?" ಎಂದು ತಲೆಯೆತ್ತಿದಾಗ ಕೋಣೆಯಲ್ಲಿದ್ದವರು ಮೂವರೇ: ಅವರು, ಅವಳು, ಹಿಮಕರಡಿ.

ಮೊದಲ ತಟ್ಟೆ ಕಿಂಡಿಯಿಂದ ಬಂತು. ಬಿಳಿ ತುಂಡು, ಉಪ್ಪು ಬಿಟ್ಟರೆ ಬೇರೇನೂ ಹಾಕಿರಲಿಲ್ಲ. ಮೂವರೂ ಒಂದೊಂದು ಬಾಯಿಗಿಟ್ಟರು. ಕಿಂಡಿಯಲ್ಲಿ ಮಾವನ ಎರಡು ಕಣ್ಣು ಮಾತ್ರ ಕಾಣುತ್ತಿದ್ದವು. ಅಧಿಕಾರಿ ಅಗಿದರು, ಹುಬ್ಬು ಸಮಾಧಾನದಿಂದ ಕೆಳಗಿಳಿಯಿತು, ಆಮೇಲೆ ಒಂದು ಹುಬ್ಬು ಮೇಲೆ ಹೋಯಿತು, ನುಂಗುವಾಗ ಯಾರೋ ಹಿಂದಿನಿಂದ ಹೆಗಲು ತಟ್ಟಿದ ಹಾಗೆ ತಿರುಗಿ ನೋಡಿದರು.

"ಮೊಸಳೆ!" ಕಿಂಡಿಯಿಂದ ಕೂಗು ಬಂತು.

ಎರಡನೆಯದಕ್ಕೆ ಹಿಮಕರಡಿಯ ಮೂಗಿನ ಹೊಳ್ಳೆ ಅರಳಿದ್ದೇ ಸಾಕಾಯಿತು. "ಶಾರ್ಕು. ಆ ವಾಸನೆಗೆ ಮೂಗು ಮೊದಲು ಓಡಿಹೋಗುತ್ತೆ, ಬಾಯಿ ಆಮೇಲೆ." ಮೂರನೆಯದನ್ನು ಸೊಸೆ ಅಗಿದಳು, ಅಗಿದಳು, ಗೋಡೆ ಗಡಿಯಾರ ನೋಡಿದಳು, ಮತ್ತೆ ಅಗಿದಳು. "ಒಂಟೆ. ಮುದಿ ಒಂಟೆ." ನಾಲ್ಕನೆಯದಕ್ಕೆ ಮೂವರೂ ಕೇಳದೆಯೇ ಇನ್ನೊಂದು ತುಂಡಿಗೆ ಕೈಹಾಕಿದರು. ಉಷ್ಟ್ರಪಕ್ಷಿ. ಐದನೆಯದು ಕರಕರ ಸದ್ದು ಮಾಡಿತು. ಅಧಿಕಾರಿ ತಮ್ಮ ಹಲ್ಲೇ ಮುರಿಯಿತೇನೋ ಎಂದು ಬೆರಳಿಟ್ಟು ಮುಟ್ಟಿಕೊಂಡರು. ಲೋಳೆಮೀನು. ಆರನೆಯದು ಬಾಯಿಯೊಳಗೆ ಒಂದು ಕಡೆ ನಿಲ್ಲಲಿಲ್ಲ. ಅಧಿಕಾರಿ ಉಗುಳಲೂ ಆಗದೆ ನುಂಗಲೂ ಆಗದೆ, ಸರ್ಕಾರಿ ಕೆಲಸ ಅಂತ ನೆನೆದು ಕಣ್ಣು ಮುಚ್ಚಿ ನುಂಗಿದರು. ಮಾವ ಅವರಿಗೆ ನೀರಿನ ಲೋಟ ಚಾಚುತ್ತಲೇ ಹೇಳಿದರು: "ಕಡಲಸೌತೆ. ಪಾಪ, ಕ್ಯಾಪ್ಟನ್ನೂ ಹೀಗೇ ಕಣ್ಣು ಮುಚ್ಚುತ್ತಿದ್ದರು."

ಆರು ಚೀಟಿ ಆರು ಪೆಟ್ಟಿಗೆ ಸೇರಿದವು. ಅಧಿಕಾರಿ ಮೊದಲ ಬಾರಿಗೆ ಕುತ್ತಿಗೆ ಗುಂಡಿ ಬಿಚ್ಚಿದರು. ಉಳಿದದ್ದು ಏಳನೆಯದು, ಕೆಂಪು ಮಾಂಸ, ಹೆಸರಿಲ್ಲದ್ದು.

ಮೂವರೂ ತಿಂದರು. ಹೆಸರಿಲ್ಲದ್ದು ಏನಿರಬಹುದೋ ಎಂಬ ಭಯದಿಂದ ಅಧಿಕಾರಿ ಮೇಜಿನ ಅಂಚು ಹಿಡಿದುಕೊಂಡರು. ಅದೇ ಭಯಕ್ಕೆ ಸೊಸೆಯ ಕಣ್ಣಲ್ಲಿ ನೀರು ಬಂತು. ಹಿಮಕರಡಿ ತಿನ್ನುತ್ತಾ ತಟ್ಟೆ ನೋಡಿದ, ಪೆಟ್ಟಿಗೆ ನೋಡಿದ, ಮತ್ತೆ ತಟ್ಟೆ ನೋಡಿದ. ಮೂರು ಮುಖ, ಮೂರು ದಾರಿ. ಮಾವ ಕಿಂಡಿಯಿಂದ ತಲೆಯನ್ನೇ ಹೊರಗೆ ಹಾಕಿದರು.

"ಇನ್ನೊಂದು ಸಲ ತಿನ್ನಿ." ತಿಂದರು. ಮುಖಗಳು ಇನ್ನೂ ಕೆಟ್ಟವು.

"ಇಂಥ ಮುಖ ನಾನು ನೋಡೇ ಇಲ್ಲ," ಎಂದರು ಮಾವ. ಬಾಗಿಲು ತೆಗೆದು ಹೊರಗೆ ಬಂದು ಮೇಜಿನ ಮುಂದೆ ಕೂತರು. ಸ್ವಲ್ಪ ಹೊತ್ತು ತುಂಡನ್ನೇ ನೋಡಿದರು. ಆಮೇಲೆ ಸೊಸೆಗೆ ಮಾತ್ರ ಕೇಳುವ ಹಾಗೆ, "ನನ್ನ ಮುಖ ನೋಡಿಕೋ ಮಗಳೇ. ನೋಡಿ ನೀನೇ ಹೇಳು," ಎಂದು ಬಾಯಿಗಿಟ್ಟುಕೊಂಡರು.

ಅವಳಿಗೆ ಹೆದರಿಕೆಯಾಯಿತು. ಮೂವತ್ತು ವರ್ಷ ಒಣ ಬ್ರೆಡ್ಡು, ಆಮೇಲಿನ ಹದಿನೈದು ವರ್ಷ ಗಂಜಿಯಂಥ ಅನ್ನ ಕಂಡ ಹೊಟ್ಟೆ. ಮಾವ ನಿಧಾನವಾಗಿ ಅಗಿದರು. ದವಡೆ ಒಂದು ಕ್ಷಣ ನಿಂತಿತು. ಯಾರದೋ ಮನೆಗೆ ತಪ್ಪಿ ಹೊಕ್ಕು, 'ಬನ್ನಿ, ಕೂತ್ಕೊಳ್ಳಿ' ಅನ್ನಿಸಿಕೊಂಡವರ ಹಾಗೆ ಮುಖ ಸಡಿಲವಾಯಿತು. ಎರಡನೇ ತುಂಡು ತೆಗೆದುಕೊಂಡರು. ಮೂರನೆಯದನ್ನೂ.

"ಏನಿದು ಯಜಮಾನ್ರೆ?" ಅಧಿಕಾರಿ ಪೆನ್ನು ಹಿಡಿದು ಕಾಯುತ್ತಿದ್ದರು.

"ಗೊತ್ತಿಲ್ಲ ಸ್ವಾಮಿ. ಚೆನ್ನಾಗಿದೆ."

ಫಾರಮ್ಮಿನಲ್ಲಿ ಅಧಿಕಾರಿ 'ಅಪರಿಚಿತ, ಉತ್ತಮ' ಎಂದು ಬರೆದು, ಏಳೂ ಪೆಟ್ಟಿಗೆಯಿಂದ ಒಂದೊಂದು ತುಂಡನ್ನು ಪ್ರಯೋಗಾಲಯಕ್ಕೆ ಕಳಿಸಿದರು. ಶನಿವಾರದ ಔತಣಕ್ಕೆ ಆರು ಪೆಟ್ಟಿಗೆ ಹೋದವು. ಏಳನೆಯದನ್ನು ಒಳಗೆ ಇಟ್ಟು ಬೀಗ ಹಾಕಿದರು. ವಾಂತಿಯಾದೀತು ಎಂದು ಸೊಸೆ ಮಾವನನ್ನು ಎರಡು ದಿನ ಕಾದಳು. ಏನೂ ಆಗಲಿಲ್ಲ.

ಮೂರು ತಿಂಗಳಿಗೆ ಉತ್ತರ ಬಂತು. ಮೊಸಳೆಯಿಂದ ಕಡಲಸೌತೆಯವರೆಗೆ ಆರೂ ಸರಿ. ಅಧಿಕಾರಿ ಏಳನೇ ಸಾಲು ಓದಿ, ಕಾಗದವನ್ನು ಬೆಳಕಿಗೆ ಹಿಡಿದು, ಮತ್ತೊಮ್ಮೆ ಓದಿದರು. "ಕುರಿ," ಎಂದರು.

"ಕುರಿನಾ?" ಎಂದಳು ಅವಳು.

"ಕುರಿ. ಬರೀ ಕುರಿ."

ಬಾಗಿಲ ಬಳಿ ನಿಂತಿದ್ದ ಹಿಮಕರಡಿ ಕೋಟಿನೊಳಗೇ ಕುಗ್ಗಿದ. "ಅದು ನಂದು ಸರ್," ಎಂದ. "ತಂಗಿ ಮನೆ ಸಮಾರಂಭಕ್ಕೆ ಅಂತ ತಂದಿದ್ದೆ. ಇಲ್ಲೊಂದು ಖಾಲಿ ಪೆಟ್ಟಿಗೆ ಬಿದ್ದಿತ್ತು, ಅದರಲ್ಲಿ ತುಂಬಿ ಇಟ್ಟಿದ್ದೆ."

"ಅವತ್ತು ನೀನೇ ತಿಂದೆಯಲ್ಲಯ್ಯ! ನಿನ್ನ ಕುರಿ ನಿನಗೆ ಗೊತ್ತಾಗಲಿಲ್ವಾ?"

"ಗೊತ್ತಾಯ್ತು ಸರ್. ಆದರೆ ನೀವೆಲ್ಲ ಅಷ್ಟು ಗಂಭೀರವಾಗಿ ತಿಂತಾ ಇದ್ರಿ. ನನಗೇ ಅನುಮಾನ ಬಂತು."

ಅಧಿಕಾರಿಯ ತುಟಿ ಅದುರಿತು. ಆಮೇಲೆ, ಯಾವ ಆದೇಶವೂ ಇಲ್ಲದೆ, ಹೊಟ್ಟೆ ಹಿಡಿದುಕೊಂಡು ನಕ್ಕರು.

ಸಂಜೆ ಅವಳು ಮನೆಗೆ ಹೋದಾಗ ಮಾವ ಜಗಲಿಯ ಮೇಲೆ ಕೂತಿದ್ದರು. ಹೇಳಬೇಕೋ ಬೇಡವೋ ಎಂದು ದಾರಿಯುದ್ದಕ್ಕೂ ಯೋಚಿಸಿದ್ದಳು. ಚಪ್ಪಲಿ ಬಿಡುತ್ತಲೇ ಹೇಳಿಬಿಟ್ಟಳು.

"ಕುರಿನಾ?" ಮಾವ ಅವಳಿಗೆ ಕೂರಲು ಜಾಗ ಬಿಟ್ಟು ಸರಿದರು. "ಹಡಗಲ್ಲಿ ವಾರಕ್ಕೆ ಮೂರು ಸಲ ಅದನ್ನೇ ಮಾಡುತ್ತಿದ್ದೆ. ಯಾವಾಗಲೂ ತಿನ್ನೋದು ತಾನೇ ಅಂತ ಯಾರ ಮುಖಾನೂ ನೋಡುತ್ತಿರಲಿಲ್ಲ."

"ಬೇಜಾರಾಯ್ತಾ ಮಾವ?"

ಮಾವ ಇಲ್ಲವೆಂದು ತಲೆಯಾಡಿಸಿದರು. ಒಳಗಿದ್ದ ಹೆಂಡತಿಗೆ ಕೇಳದ ಹಾಗೆ ಅವಳ ಕಡೆ ಬಗ್ಗಿ, "ಆ ಹಮಾಲಿ ಅಣ್ಣನ್ನ ಕೇಳು," ಎಂದರು, "ಪೆಟ್ಟಿಗೇಲಿ ಇನ್ನೂ ಉಳಿದಿದೆಯಾ ಅಂತ."