ಮೂರನೆಯ ಚರಣ

"ಮತ್ತ ಅಲ್ಲೇ ಇಳೀತು," ಎಂದು ಇಂದುಮತಿ ಕೈಯೆತ್ತಿ ಹಾಡು ನಿಲ್ಲಿಸಿದರು.

ಹಾರ್ಮೋನಿಯಂ ಮೇಲೆ, ಹಾಡು ನಡೆಸುತ್ತಿದ್ದ ಸಂಹಿತಾಳ ಬೆರಳುಗಳು ಹಾಗೇ ನಿಂತವು. ಪ್ರತಾಪ ನಗರದ ಆ ಸಣ್ಣ ಸಭಾಂಗಣದಲ್ಲಿ ಕನ್ನಡ ಗಾಯನ ವೃಂದದ ಹದಿನಾಲ್ಕು ಮಂದಿ ಒಬ್ಬರ ಮುಖ ಒಬ್ಬರು ನೋಡದೆ ನಿಂತಿದ್ದರು. ರವಿವಾರ ವಾರ್ಷಿಕೋತ್ಸವ, ಉಳಿದದ್ದು ಮೂರೇ ದಿನ. ಅಂದು ಹಾಡಬೇಕಿದ್ದ ನದಿಯ ಹಾಡಿನ ಮೂರನೆಯ ಚರಣದಲ್ಲಿ ಸ್ವರ ಮೇಲಕ್ಕೇರುವ ಕಡೆ, ಹಿಂದಿನ ಸಾಲಿನ ಹೆಂಗಸರಲ್ಲಿ ಒಬ್ಬರ ದನಿ ಶ್ರುತಿ ಬಿಟ್ಟು ಜಾರುತ್ತಿತ್ತು.

ಅದು ಅದೇ ಸಾಲಿನಲ್ಲಿ ತಮ್ಮ ಪಕ್ಕದಲ್ಲಿ ನಿಲ್ಲುವ ಅಂಬುಜಾಳದೇ ಎಂಬುದರಲ್ಲಿ ಇಂದುಮತಿಗೆ ಸಂಶಯವಿರಲಿಲ್ಲ. ಅಂಬುಜಾ ದವಾಖಾನೆಯೊಂದರಲ್ಲಿ ಚೀಟಿ ಬರೆದುಕೊಡುವವಳು, ವೃಂದಕ್ಕೆ ಸೇರಿ ಮೂರು ವರ್ಷವಷ್ಟೇ. ಆ ಚರಣ ಬಂದಾಗಲೆಲ್ಲ ಅವಳು ಬೇಕೆಂದೇ ದನಿ ಎತ್ತರಿಸುತ್ತಿದ್ದಳು. ತಪ್ಪುವವರು ತಪ್ಪು ಮುಚ್ಚಲು ಹಾಗೆ ಮಾಡುತ್ತಾರೆಂದು, ಧರಮಪೇಠದ ಶಾಲೆಯಲ್ಲಿ ಮೂವತ್ತು ವರ್ಷ ಗಣಿತ ಕಲಿಸಿದ ಇಂದುಮತಿಗೆ ಚೆನ್ನಾಗಿ ಗೊತ್ತಿತ್ತು.

ಈ ವೃಂದದಲ್ಲಿ ಅವರು ಹಾಡಲು ತೊಡಗಿ ಇಪ್ಪತ್ತೆಂಟು ವರ್ಷ. ಕಾಂಪ್ಟಿಯ ದಂಡಿನಿಂದ ಬರುವ ಸೈನ್ಯದ ಮನೆಯವರು ಹಾಡು ಕಲಿತು, ವರ್ಗವಾಗಿ ಹೋಗುತ್ತಿದ್ದರು. ಹೊಸಬರಿಗೆ ಮತ್ತೆ ಮೊದಲಿಂದ ಕಲಿಸುವವರು ಇಂದುಮತಿ. ಇಲ್ಲಿನ ಮರಾಠಿ ಶಾಲೆಗಳಲ್ಲಿ ಕಲಿತು ಕನ್ನಡ ಓದಲು ಬಾರದ ಹುಡುಗಿಯರಿಗೆ ದೇವನಾಗರಿಯಲ್ಲಿ ಬರೆದುಕೊಡುತ್ತಿದ್ದವರೂ ಅವರೇ. ನಿವೃತ್ತಿಯ ದಿನ ಶಾಲೆಯಲ್ಲಿ ಹೊದಿಸಿದ ಶಾಲನ್ನು ಹೆಗಲ ಮೇಲಿಂದ ತೆಗೆಯದೆ ಸೀದಾ ಅಭ್ಯಾಸಕ್ಕೆ ಬಂದಿದ್ದರು. ಗಂಡ ತೀರಿಕೊಂಡ ತಿಂಗಳಲ್ಲೂ ಒಂದು ಗುರುವಾರದ ಅಭ್ಯಾಸವನ್ನೂ ತಪ್ಪಿಸಿರಲಿಲ್ಲ. ಮನೆಯಲ್ಲಿ ಬರದ ಅಳು ಇಲ್ಲಿ, ಎಲ್ಲರ ದನಿಯ ನಡುವೆ, ಯಾರಿಗೂ ತಿಳಿಯದಂತೆ ಬಂದು ಹೋಗಿತ್ತು.

ತಾವೂ ಸೇರಿ ಸಾಲಿನ ಐದೂ ಹೆಂಗಸರು ಒಬ್ಬೊಬ್ಬರಾಗಿ ಹಾಡಲಿ ಎಂದು ಅವರು ಪಟ್ಟು ಹಿಡಿದರು. ಸಂಹಿತಾ ಹಿಂಜರಿದಳು. ಬೆಂಗಳೂರಿನಿಂದ ಬಂದ ಡಾಕ್ಟರು ಅವಳು, ವಯಸ್ಸಿನಲ್ಲಿ ಎಲ್ಲರಿಗಿಂತ ಕಿರಿಯಳು. ಕೊನೆಗೆ, ಒಬ್ಬೊಬ್ಬರೇ ಪಕ್ಕದ ಕೋಣೆಗೆ ಹೋಗಿ ಆ ಸಾಲನ್ನು ತನ್ನ ಮೊಬೈಲಿನಲ್ಲಿ ಹಾಡಿಟ್ಟು ಬರಲಿ, ಮನೆಯಲ್ಲಿ ತಾನೊಬ್ಬಳೇ ಕೇಳುತ್ತೇನೆ ಎಂದಳು. ಐವರೂ ಹೋಗಿ ಬಂದರು.

"ಮನಿಗೆ ಯಾಕ ಒಯ್ತೀ? ಎಲ್ಲಾರ ಮುಂದ ಹಚ್ಚು," ಎಂದರು ಇಂದುಮತಿ. "ಮುಚ್ಚಿಟ್ರ ತಪ್ಪು ತಿದ್ದೂದು ಹ್ಯಾಂಗ?"

"ಬೇಡ ಮೇಡಂ, ಪ್ಲೀಸ್," ಎಂದಳು ಸಂಹಿತಾ.

"ಹಚ್ಚು."

ಅಂಬುಜಾ ತಲೆ ತಗ್ಗಿಸಿದಳು. ಅದನ್ನು ಕಂಡು ಇಂದುಮತಿಗೆ ಒಳಗೊಳಗೇ ಸಮಾಧಾನವಾಯಿತು.

ಮೊದಲನೆಯ ದನಿ ಸರಿಯಿತ್ತು. ಎರಡನೆಯದೂ. ಮೂರನೆಯದು ಕೊಂಚ ಒರಟು, ವಯಸ್ಸಾದ ದನಿ. ಏರುವ ಕಡೆ ನಡುಗಿ, ನಿಲ್ಲಬೇಕಾದ ಸ್ವರಕ್ಕಿಂತ ಕೆಳಗೇ ನಿಂತಿತು.

"ಇದೇ! ಬರೋಬರ್ ಇಲ್ಲೇ ಇಳೀತು," ಎಂದು ಇಂದುಮತಿ ಮೊಬೈಲಿನತ್ತ ಬೆರಳು ತೋರಿಸಿದರು.

ಮೊಬೈಲ್ ಇನ್ನೂ ನಿಂತಿರಲಿಲ್ಲ. ಹಾಡು ಮುಗಿದ ಮೇಲೆ ಅದೇ ದನಿ, ತರಗತಿಯಲ್ಲಿ ಹೇಳುವ ಹಾಗೆ ಗಟ್ಟಿಯಾಗಿ, "ಆತು, ಮುಂದಿನವ್ರು ಬರ್ರಿ," ಎಂದಿತು.

ಚಾಚಿದ ಬೆರಳನ್ನು ಹಿಂತೆಗೆದುಕೊಳ್ಳಲು ಇಂದುಮತಿಗೆ ಸ್ವಲ್ಪ ಹೊತ್ತು ಹಿಡಿಯಿತು. ಇಷ್ಟು ವರ್ಷ ಹಾಡಿದರೂ ಅವರು ತಮ್ಮ ದನಿಯನ್ನು ಒಂಟಿಯಾಗಿ ಕೇಳಿದ್ದೇ ಇರಲಿಲ್ಲ. ಅದು ಯಾವಾಗಲೂ ಬೇರೆಯವರ ದನಿಗಳ ಜೊತೆಯಲ್ಲೇ ಇರುತ್ತಿತ್ತು. ಸಂಹಿತಾ ಅವಸರದಲ್ಲಿ ಮೊಬೈಲ್ ಆರಿಸಿ, ಇವತ್ತಿಗೆ ಸಾಕು ಎಂದಳು. ಜನ ಚಪ್ಪಲಿ ಮೆಟ್ಟಿಕೊಂಡು ಸದ್ದಿಲ್ಲದೆ ಹೊರಬಿದ್ದರು.

ಅಂಗಳದಲ್ಲಿ ಇಂದುಮತಿ ಸ್ಕೂಟರಿನ ಕೀಲಿ ಹುಡುಕುತ್ತ ನಿಂತಿದ್ದಾಗ ಹಿಂದೆ ಯಾರೋ ಬಂದಂತಾಯಿತು. ಅಂಬುಜಾ.

"ನಿನಗ ಗೊತ್ತಿತ್ತೇನು?" ತಿರುಗದೆಯೇ ಕೇಳಿದರು.

"ಗೊತ್ತಿತ್ರಿ ಅಕ್ಕಾರ. ಒಂದು ವರ್ಷ ಆತು. ಅದಕ್ಕ ಆ ಜಾಗಾದಾಗ ನಾ ಸ್ವಲ್ಪ ಜೋರ್ ಹಾಡತಿದ್ದೆ, ನಿಮ್ಮ ದನಿ ಅದರಾಗ ಕೂಡಲಿ ಅಂತ."

ಇಂದುಮತಿಗೆ ಮುಖ ಎತ್ತಲಾಗಲಿಲ್ಲ. ಎಲ್ಲರ ಮುಂದೆ ನಿನ್ನನ್ನು ನಿಲ್ಲಿಸಿ ಸಣ್ಣವಳನ್ನಾಗಿ ಮಾಡಬೇಕೆಂದಿದ್ದೆ ಎಂದು ಒಪ್ಪಿಕೊಂಡರು. ತಪ್ಪಾಯಿತು ಎಂದರು. ರವಿವಾರ ತಾನು ಬರುವುದಿಲ್ಲ, ಸಂಹಿತಾಗೆ ತಿಳಿಸಿಬಿಡು ಎಂದೂ ಹೇಳಿದರು.

"ಉಳಿದದ್ದೆಲ್ಲಾ ನೀವು ಚಲೋ ಹಾಡ್ತೀರಿ," ಎಂದಳು ಅಂಬುಜಾ. "ಅಲ್ಲಿ ಅಷ್ಟು ಬಾಯಿ ಮುಚ್ಚಿದ್ರ ಆತು. ನಿಮ್ಮ ಜಾಗಾ ಖಾಲಿ ಇದ್ರ ನನಗ ನಿಲ್ಲಾಕ ಆಗೂದಿಲ್ರಿ."

ಇಂದುಮತಿ ಸ್ಕೂಟರ್ ಹತ್ತಿ ಹೊರಟರು. ಮುಂದಿನ ಎರಡು ದಿನ ಮನೆಯ ಬಾಗಿಲು ಹಾಕಿಕೊಂಡು ಆ ಒಂದು ಸಾಲನ್ನು ಮತ್ತೆ ಮತ್ತೆ ಹಾಡಿ ನೋಡಿದರು. ಶನಿವಾರ ಸಂಜೆಗೆ ಗಂಟಲು ಕಟ್ಟಿತು. ಸ್ವರ ಮಾತ್ರ ಸಿಗಲಿಲ್ಲ.

ರವಿವಾರ ಪರದೆ ಸರಿಯುವ ಹೊತ್ತಿಗೆ ಅವರು ಹಿಂದಿನ ಸಾಲಿನಲ್ಲಿ, ಎಂದಿನ ಜಾಗದಲ್ಲಿ ನಿಂತಿದ್ದರು. ಪಲ್ಲವಿ ಆಯಿತು, ಎರಡು ಚರಣ ಆಯಿತು. ಹಾರ್ಮೋನಿಯಂ ಮೂರನೆಯ ಚರಣಕ್ಕೆ ಹೊರಳಿತು. ಸುತ್ತ ಎಲ್ಲರೂ ಉಸಿರೆಳೆದುಕೊಂಡರು. ರೂಢಿಯಂತೆ ಅವರ ಎದೆಯೂ ತುಂಬಿತು. ತೆರೆಯಲಿದ್ದ ತುಟಿಯನ್ನು ಹಲ್ಲು ಕಚ್ಚಿ ಬಿಗಿಹಿಡಿದರು.

ಹಾಡು ಮೇಲಕ್ಕೇರಿತು. ಎಡಗಡೆಯಿಂದ ಅಂಬುಜಾಳ ದನಿ, ಬಲಗಡೆಯಿಂದ ಅದೇ ಸಾಲಿನ ಸಾವಿತ್ರಮ್ಮನ ದನಿ, ಮುಂದಿನ ಸಾಲಿನಿಂದ ಗಂಡಸರದು, ಒಂದೊಂದೂ ಬೇರೆ ಬೇರೆಯಾಗಿ ಕೇಳಿಸಿತು. ಅಂಬುಜಾ ಇವತ್ತು ಜೋರಾಗಿ ಹಾಡುತ್ತಿರಲಿಲ್ಲ. ಮೆಲ್ಲಗೆ, ನಿರಾಳವಾಗಿ ಹಾಡುತ್ತಿದ್ದಳು. ಇಂದುಮತಿ ತುಂಬಿಕೊಂಡ ಉಸಿರನ್ನು ಹಾಗೇ ಹಿಡಿದು, ಕತ್ತು ಕೊಂಚ ವಾಲಿಸಿ ಕೇಳುತ್ತ ನಿಂತರು.