ಅಪ್ಪನಿಗೆ ಬಂದ ತಂತಿ

ನನಗೊಬ್ಬ ಅಣ್ಣನಿದ್ದ. ನಾನು ಹುಟ್ಟುವ ಮೂರು ವರ್ಷ ಮೊದಲೇ, ಹನ್ನೊಂದು ತಿಂಗಳ ಕೂಸಾಗಿದ್ದಾಗ, ಜ್ವರ ಬಂದು ಹೋಗಿಬಿಟ್ಟ. ಅಪ್ಪ ಆಗ ಸೈನ್ಯದಲ್ಲಿದ್ದ. ಗಡಿಯ ಒಂದು ಬೆಟ್ಟದ ಠಾಣೆಯಲ್ಲಿ ವೈರ್‌ಲೆಸ್ ಅವನ ಕೆಲಸ. ಮಗುವಿಗೆ ಜೋರಾಗಿದೆ, ಕೂಡಲೇ ಬಾ ಎಂದು ಅಮ್ಮ ತಂತಿ ಕೊಟ್ಟಿದ್ದಳು. ಅದು ಒಂಬತ್ತು ದಿನ ತಡವಾಗಿ ಅವನ ಕೈಸೇರಿತು, ಅಷ್ಟರಲ್ಲಿ ಎಲ್ಲ ಮುಗಿದಿತ್ತು. ಇದು ಅಪ್ಪನೇ ಹೇಳಿದ ಕಥೆ. ಹಾಗಾಗಿ ಅಮ್ಮನಿಗೆ ಅಂಚೆಯವರೆಂದರೆ ಹಾವು ಕಂಡಂತೆ. ಬಿಸಿಲಲ್ಲಿ ಬಂದ ಪೋಸ್ಟ್‌ಮ್ಯಾನ್ ಒಂದು ಲೋಟ ನೀರು ಕೇಳಿದರೂ, "ಕೂತಿರಿ, ಒಂಬತ್ತು ದಿನ ಬಿಟ್ಟು ಬರುತ್ತೆ" ಅನ್ನುತ್ತಿದ್ದಳು.

ಮರುವರ್ಷವೇ ಅಪ್ಪ ಸೈನ್ಯ ಬಿಟ್ಟು ಬಂದ. ಮನೆಯ ಮುಂದಿನ ಕೋಣೆಯಲ್ಲೇ ರೇಡಿಯೋ ರಿಪೇರಿ ಶುರುಮಾಡಿದ. ಮುಖ್ಯ ರಸ್ತೆಯಲ್ಲಿ ಅಂಗಡಿ ಇಟ್ಟರೆ ಗಿರಾಕಿ ಹೆಚ್ಚು ಎಂದು ಬುದ್ಧಿ ಹೇಳಿದವರಿಗೆಲ್ಲ ಒಂದೇ ಉತ್ತರ: "ಇವಳು ಕೂಗಿದ್ರೆ ನಂಗೆ ಕೇಳಿಸ್ಬೇಕು."

ನಾನು ಶಾಲೆಗೆ ಹೋಗುವ ಹೊತ್ತಿಗೆ ಅಮ್ಮನಿಗೆ ಸಂಧಿವಾತ ಹತ್ತಿ ಬೆರಳುಗಳು ಸೊಟ್ಟಗಾಗಿದ್ದವು. ಅವಳ ತಲೆ ಬಾಚುವುದು, ನನಗೆ ಜಡೆ ಹಾಕುವುದು, ಅಡುಗೆ, ಬಟ್ಟೆ, ಎಲ್ಲ ಅಪ್ಪನ ಪಾಲಿಗೆ ಬಂತು. ಅವನು ಹೆಣೆದ ಜಡೆ ಸಂಜೆವರೆಗೂ ಒಂದು ಎಳೆ ಅಲುಗುತ್ತಿರಲಿಲ್ಲ. ಎಳೆದು ಕಟ್ಟಿದ ಬಿಗಿಗೆ ನನ್ನ ಹುಬ್ಬು ಮಾತ್ರ ಹಣೆಗೆ ಹತ್ತಿರುತ್ತಿತ್ತು. ನನಗೆ ಸ್ವಲ್ಪ ಮೈ ಬಿಸಿಯಾದರೆ ಸಾಕು, ಅಂಗಡಿ ಬಾಗಿಲು ಎಳೆದು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತುಬಿಡುತ್ತಿದ್ದ. "ಗಂಡ ಅಂದ್ರೆ ಹೀಗಿರಬೇಕು" ಎಂದು ಬೀದಿಯ ಹೆಂಗಸರು ತಮ್ಮ ಗಂಡಂದಿರಿಗೆ ಕೇಳುವಂತೆ ಹೇಳುತ್ತಿದ್ದರು.

ಹದಿನೆಂಟರಲ್ಲಿ ನನಗೆ ದೂರದ ಊರಿನ ವೈದ್ಯಕೀಯ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಅಪ್ಪ ಬೈಯಲಿಲ್ಲ, ಕೂಗಾಡಲಿಲ್ಲ. ಮೂರು ದಿನ ಅನ್ನ ಬಿಟ್ಟ. "ನನ್ನ ಕಣ್ಣೆದುರಿಗೆ ಇರು ಮಗಳೇ, ಅಷ್ಟು ಸಾಕು" ಎಂದ. ಇದ್ದೆ. ಈಗ ನಮ್ಮ ಬೀದಿಯ ಕೊನೆಯ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ.

ಕಳೆದ ವರ್ಷ ಒಂದು ಬೆಳಿಗ್ಗೆ ಅಪ್ಪ ಬೆಸುಗೆ ಹಾಕುತ್ತಲೇ ಮೇಜಿನ ಮೇಲೆ ತಲೆ ಇಟ್ಟ. ಹೃದಯ ನಿಂತಿತ್ತು. ತಿಂಗಳಾದ ಮೇಲೆ ನಿವೃತ್ತ ಸೈನಿಕರ ಸಂಘದವರು ತಮ್ಮ ಸಭಾಂಗಣದಲ್ಲಿ ಅವನ ನೆನಪಿಗೆ ಒಂದು ಸಭೆ ಇಟ್ಟರು. ಮುಂದಿನ ಸಾಲಿನಲ್ಲಿ ನಾನು, ಅಮ್ಮ. ಠಾಣೆಯಲ್ಲಿ ಅಪ್ಪನ ಮೇಲಧಿಕಾರಿಯಾಗಿದ್ದವರು ಕೋಲೂರಿಕೊಂಡು ಬಂದಿದ್ದರು. ಮೈಕು ಕಿರುಗುಟ್ಟಿತು. ಅವರು ಗಂಟಲು ಸರಿಮಾಡಿಕೊಂಡರು.

"ಆ ವಾರ ನಮ್ಮ ಠಾಣೆ ಮೇಲೆ ಒಂದೇ ಸಮನೆ ಗುಂಡು ಬೀಳ್ತಿತ್ತು. ಮಂಗಳವಾರ ಮಧ್ಯಾಹ್ನ ಇವನಿಗೆ ಮನೆಯಿಂದ ತಂತಿ ಬಂತು, ಹಿಂದಿನ ದಿನವಷ್ಟೇ ಕೊಟ್ಟಿದ್ದು, ಮಗನಿಗೆ ಜೀವಾಪಾಯ ಅಂತ. ಸಂಜೆ ಗಾಡಿ ಕೆಳಗೆ ಹೋಗುತ್ತೆ, ರಜೆ ಬರ್ಕೊಡ್ತೀನಿ, ಹೊರಡು ಅಂದೆ. ಹೋಗಲಿಲ್ಲ! ತಂತಿ ಮಡಚಿ ಜೇಬಿಗಿಟ್ಟು ಮತ್ತೆ ವೈರ್‌ಲೆಸ್ ಮುಂದೆ ಕೂತ. ಇಂಥವರು ಈಗೆಲ್ಲಿ ಸಿಗ್ತಾರೆ?"

ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ. ಎರಡು ಸಲ ತಟ್ಟಿದ ಮೇಲೆ ಕೇಳಿದ್ದೇನೆಂದು ಅರ್ಥವಾಗಿ ಕೈ ತಾನಾಗಿ ನಿಂತಿತು. ಅಮ್ಮ ಎದ್ದು ನಿಂತಿದ್ದಳು.

"ಸಾರ್, ಅಲ್ಲಿಂದ ಇಲ್ಲಿಗೆ ಎಷ್ಟು ದಿನದ ದಾರಿ?"

ಅಧಿಕಾರಿ ನಗುನಗುತ್ತಲೇ ಹೇಳಿದರು. "ಆಗಿನ ಕಾಲದಲ್ಲಿ ಎರಡೂವರೆ ದಿನ, ಅಮ್ಮ."

ಅಮ್ಮ ಸೊಟ್ಟ ಬೆರಳುಗಳನ್ನು ಒಂದೊಂದಾಗಿ ಮುಟ್ಟುತ್ತಾ ಎಣಿಸಿದಳು. ಬುಧ, ಗುರು, ಶುಕ್ರ. "ಶುಕ್ರವಾರ ಬಂದುಬಿಡ್ತಿದ್ರು. ಮಗು ಹೋಗಿದ್ದು ಶನಿವಾರ ಸಾಯಂಕಾಲ." ಅಧಿಕಾರಿಯ ಕಡೆ ತಿರುಗಿದಳು. "ಯಾಕೆ ಹೋಗಲ್ಲ ಅಂದ್ರು? ನೆನಪಿದ್ರೆ ಹೇಳಿ."

ಅಧಿಕಾರಿಯ ಮುಖ ಬಿಳಿಚಿತು. ಮನೆಯವರಿಗೆ ಇದು ಗೊತ್ತಿಲ್ಲವೆಂದು ಅವರಿಗಾದರೂ ಹೇಗೆ ಹೊಳೆಯಬೇಕು? "‘ಎಂಟು ಜನ ಇದೀವಿ ಸಾರ್, ನಾನು ಹೋದ್ರೆ ಸಹಾಯ ಕರೆಯೋಕೆ ಯಾರೂ ಇರಲ್ಲ’ ಅಂದ. ನಿಜ ಅಮ್ಮ, ಬೇರೆ ಯಾರಿಗೂ ಆ ಕೆಲಸ ಬರ್ತಿರಲಿಲ್ಲ. ಎಂಟೂ ಜನ ಬದುಕಿ ಬಂದ್ವಿ."

"ಒಳ್ಳೇದಾಯ್ತು" ಎಂದಳು ಅಮ್ಮ. "ಅಲ್ಲಿ ಎಂಟು ಜನ ಇದ್ರಿ. ಇಲ್ಲಿ ನಾನೊಬ್ಬಳೇ ಇದ್ದೆ."

ನನ್ನ ಕೈ ಹಿಡಿಯದೆ ತಾನೇ ಬಾಗಿಲವರೆಗೆ ನಡೆದಳು.

ಮನೆಗೆ ಬಂದು ಅಪ್ಪನ ಅಂಗಡಿಯ ಸ್ಟೂಲಿನ ಮೇಲೆ ಕೂತಳು. ಸುತ್ತ ಬೆನ್ನು ಬಿಚ್ಚಿದ ರೇಡಿಯೋಗಳು. ಒಂದರ ಧೂಳು ಒರೆಸುತ್ತಾ ಕೇಳಿದಳು. "ಇಷ್ಟು ವರ್ಷ ನನ್ನ ಅಂಗೈ ಮೇಲಿಟ್ಟು ನೋಡ್ಕೊಂಡ್ರಲ್ಲ, ಅದು ಪ್ರೀತಿನಾ? ಇಲ್ಲ ಮಾಡಿದ್ದನ್ನ ತೊಳ್ಕೊಳ್ತಿದ್ರಾ?"

"ಎರಡೂ ಇರಬಹುದಮ್ಮ."

"ನಿಂಗೆ ಹೇಳೋದು ಸುಲಭ. ಆ ಕೂಸನ್ನ ಹೆಗಲ ಮೇಲೆ ಹಾಕ್ಕೊಂಡು ಆಸ್ಪತ್ರೆಗೆ ಓಡಿದ್ದು ನೀನಲ್ಲ. ನಿಜ ಹೇಳಿದ್ರೆ ನಾನೇನು ಕೊಲ್ತಿದ್ನಾ? ವರ್ಷಗಟ್ಟಲೆ ಜಗಳ ಆಡ್ತಿದ್ದೆ. ಅತ್ತು, ಶಾಪ ಹಾಕಿ, ಆಮೇಲೆ ಕ್ಷಮಿಸ್ತಿದ್ನೋ ಏನೋ. ಅದಕ್ಕೂ ಬಿಡಲಿಲ್ಲ."

ನನಗೆ ಸೀಟು ಸಿಕ್ಕಾಗ ಅಪ್ಪ ಮಾಡಿದ ಆ ಮೂರು ದಿನದ ಉಪವಾಸ ನನ್ನ ಮೇಲಿನ ಮಮತೆ ಎಂದು ಇಷ್ಟು ದಿನ ಸಮಾಧಾನ ಮಾಡಿಕೊಂಡಿದ್ದೆ. ಒಂದು ಮಗುವಿನ ಬಳಿ ಹೋಗಲಿಲ್ಲವೆಂದು ಇನ್ನೊಂದನ್ನು ಹೋಗಗೊಡಲಿಲ್ಲ. ತಪ್ಪು ಅವನದು, ದಂಡ ನನ್ನದು. ಎಂಟು ಜೀವ ಉಳಿಸಿದವನ ಮೇಲೆ ಸಿಟ್ಟಾಗುವುದು ಸಣ್ಣತನ ಎಂದು ಗೊತ್ತು. ಆದರೂ ಸಿಟ್ಟು ಬರುತ್ತದೆ.

ಎರಡು ವಾರದ ಮೇಲೆ ಸಂಘದವರು ನೆನಪಿನ ಪುಸ್ತಕವೊಂದನ್ನು ಮನೆಗೆ ತಲುಪಿಸಿದರು. ಆ ಮಂಗಳವಾರದ ವಿಷಯ ಎರಡು ಪುಟ ಬಂದಿತ್ತು. ಕೊನೆಗೆ, ‘ಮಾದರಿ ಯೋಧ, ಆದರ್ಶ ಗೃಹಸ್ಥ’ ಎಂದಿತ್ತು. ನಾನು ಓದಿ ಹೇಳಿದೆ. ಅಮ್ಮ ಪೂರ್ತಿ ಕೇಳಿ, "ಸುಳ್ಳೇನೂ ಬರೆದಿಲ್ಲ ಬಿಡು" ಎಂದು ಗೋಡೆಯ ಕಡೆ ಮಗ್ಗುಲಾದಳು.

ಅಂದಿನಿಂದ ಅವಳು ಅಪ್ಪನನ್ನು ‘ನಮ್ಮನೆಯವರು’ ಅನ್ನುವುದಿಲ್ಲ. ಮಾತು ಬಂದರೆ ‘ಆ ಸಿಪಾಯಿ’ ಅನ್ನುತ್ತಾಳೆ. ನಾನೂ ತಿದ್ದಲು ಹೋಗಿಲ್ಲ.