ಅಮ್ಮನ ಪುಟದಲ್ಲಿ ತಮ್ಮನ ಫೋಟೋ

ನನ್ನ ತಮ್ಮ ವಸಿಷ್ಠ ಮನೆ ಬಿಟ್ಟು ನಾಲ್ಕು ತಿಂಗಳಾಗಿತ್ತು. ಬಿಡಿಸಿದವಳು ನಾನೇ. ಅಮ್ಮ ಪ್ರಾಣ ಬಿಡುವ ಹೊತ್ತಿಗೆ ಅವನು ಅರಕಲಗೂಡಿನಲ್ಲಿ ಕ್ರಿಕೆಟ್ ಆಡುತ್ತಿದ್ದ. ಆ ಸಿಟ್ಟು ವೈಕುಂಠ ಸಮಾರಾಧನೆಯ ದಿನ ಹೊರಬಂತು. ನೆಂಟರೆಲ್ಲ ಎಲೆ ಮುಂದೆ ಕೂತಿದ್ದಾಗಲೇ, "ನನ್ನ ಪಾಲಿಗೆ ನೀನೂ ಸತ್ತೆ" ಅಂದುಬಿಟ್ಟೆ. ಅವನು ಬಡಿಸುತ್ತಿದ್ದ ಸಾರಿನ ಪಾತ್ರೆ ಕೆಳಗಿಟ್ಟು ಹೊರಟುಹೋದ.

ಫೋನಿಲ್ಲ, ಕಾಗದವಿಲ್ಲ. ಉಳಿದದ್ದು ನನ್ನ ಹೆಸರಿನಲ್ಲಿ ಅವನೇ ಮಾಡಿಕೊಟ್ಟಿದ್ದ ವೆಬ್‌ಸೈಟ್ ಒಂದೇ. ಅದರ ಮೊದಲ ಪುಟದಲ್ಲಿ ಅಮ್ಮನ ಫೋಟೋ, ಸಮಾರಾಧನೆಯ ಆಹ್ವಾನ. ತಳದಲ್ಲಿ ಎಷ್ಟು ಸಲ ಪುಟ ತೆರೆದರು ಎಂದು ತೋರಿಸುವ ಅಂಕಿ. ಸಮಾರಾಧನೆ ಮುಗಿದ ಮೇಲೆ ಅದನ್ನು ಯಾರು ನೋಡುತ್ತಾರೆ? ಆದರೂ ಅಂಕಿ ದಿನಕ್ಕೊಂದರಂತೆ ಏರುತ್ತಿತ್ತು. ವಸಿಷ್ಠನೇ, ಇನ್ಯಾರೂ ಅಲ್ಲ.

ಹೊಳೆನರಸೀಪುರದ ಪುಟ್ಟಸ್ವಾಮಿಯ ಸೈಬರ್ ಸೆಂಟರಿಗೆ ಹೋದೆ. ಹೊಸ ಪುಟ ಮಾಡುವುದು ನನಗೆ ಬಾರದು. ಅಮ್ಮನ ಪುಟವನ್ನೇ ಫ್ಲಾಪಿಯಲ್ಲಿ ತಿದ್ದಿದೆ. ಅಮ್ಮನ ಫೋಟೋ ಜಾಗಕ್ಕೆ ಅದೇ ಫೈಲಿನ ಹೆಸರಲ್ಲಿ ವಸಿಷ್ಠನ ಫೋಟೋ. ಆಹ್ವಾನ ಅಳಿಸಿ, "ತಪ್ಪು ನನ್ನದೇ ಕಣೋ, ಮನೆಗೆ ಬಾ" ಎಂದು ಬರೆದೆ. ಫೋಟೋ, ಬರಹ ಎರಡನ್ನೂ ಇಂಟರ್ನೆಟ್ಟಿಗೆ ಏರಿಸಿದೆ. ಪರದೆಯ ಮೇಲೆ ಚೆನ್ನಾಗಿಯೇ ಕಂಡಿತು.

ಮರುದಿನ ಬೆಳಗ್ಗೆ ಅದೇ ಸೆಂಟರಿನ ಬೇರೆ ಕಂಪ್ಯೂಟರಿನಲ್ಲಿ ತೆರೆದವಳು ಕುರ್ಚಿಯಿಂದ ಎದ್ದೇಬಿಟ್ಟೆ. ವಸಿಷ್ಠ ನಗುತ್ತಿದ್ದಾನೆ. ಅವನ ಕೆಳಗೆ, "ದೈವಾಧೀನರಾದ ಇವರ ವೈಕುಂಠ ಸಮಾರಾಧನೆಗೆ ದಯಮಾಡಿಸಿ."

"ಪುಟ್ಟಸ್ವಾಮಿ, ಬನ್ನಿ ಇಲ್ಲಿ!"

"ಗಾಬ್ರಿ ಆಗ್ಬ್ಯಾಡಿ ಮೇಡಮ್. ಕಂಪ್ಯೂಟರು ಅಳೇ ಪುಟನೇ ಇಟ್ಕಂಡಿರ್ತದೆ. ರಿಫ್ರೆಶ್ ಒಡೀರಿ."

ಹೊಡೆದೆ. ಹತ್ತು ಸಲ ಹೊಡೆದೆ. ಅವನು ಹಳೆಯದನ್ನೆಲ್ಲ ಅಳಿಸಿ ಮತ್ತೆ ತೆರೆದ. ಬೇರೆ ಎರಡು ಕಂಪ್ಯೂಟರಿನಲ್ಲೂ ನೋಡಿದ. ಎಲ್ಲದರಲ್ಲೂ ಅದೇ ನಗು, ಅದೇ ದೈವಾಧೀನ. ಕೊನೆಗೆ ಏರಿಸಿದ ಫೈಲುಗಳ ಪಟ್ಟಿ ತೆಗೆದು ತಲೆ ಕೆರೆದುಕೊಂಡ.

"ಫೋಟೋ ಓಗೈತೆ ಮೇಡಮ್, ಬರ್ದಿದ್ದು ಓಗಿಲ್ಲ. ಮಧ್ಯದಲ್ಲಿ ಲೈನು ಕಟ್ಟಾಗ್ಬುಟ್ಟದೆ. ನಿನ್ನೆ ನೀವು ನೋಡಿದ್ದು ನಿಮ್ ಫ್ಲಾಪೀಲಿರೋದ್ನೇ ಕಣ್ರೀ."

ಮತ್ತೆ ಏರಿಸಲು ಕೂತೆವು. ಲೈನು ಸಿಗದು; ಸಿಕ್ಕರೆ ಅರ್ಧಕ್ಕೇ ಸಾಯುವುದು. ದೇವರೇ, ಇವತ್ತೊಂದು ದಿನ ಅವನು ನೋಡದಿರಲಿ ಎಂದು ಬೇಡಿಕೊಳ್ಳುತ್ತಲೇ ತಳದ ಅಂಕಿ ನೋಡಿದೆ. ನಾವು ತೆರೆದದ್ದನ್ನೆಲ್ಲ ಕಳೆದರೂ ಒಂದು ಹೆಚ್ಚಿಗೆ ಇತ್ತು. ಅಲ್ಲೇ, ಗಿರಾಕಿಗಳ ಎದುರೇ ಅತ್ತುಬಿಟ್ಟೆ.

ಬರಹ ಏರುವಷ್ಟರಲ್ಲಿ ಮಧ್ಯಾಹ್ನ ಮೂರು ದಾಟಿತ್ತು. ಮನೆಯ ಬೀಗ ತೆಗೆಯುವಾಗಲೇ ಒಳಗೆ ಫೋನ್ ಹೊಡೆದುಕೊಳ್ಳುತ್ತಿತ್ತು. ಓಡಿಹೋಗಿ ಎತ್ತಿದೆ. ಆ ಕಡೆ ಬಸ್ಸುಗಳ ಸದ್ದು.

"ಅಕ್ಕಾ, ನನ್ನ ಸಮಾರಾಧನೆಗೆ ಎಷ್ಟು ಎಲೆ ಹಾಕಿಸಿದ್ದೆ?"

ಫೈಲು, ಲೈನು ಅಂತ ಏನೇನೋ ಹೇಳಬೇಕೆಂದುಕೊಂಡೆ. ಬಾಯಿಗೆ ಬಂದದ್ದೇ ಬೇರೆ.

"ಒಂದೂ ಇಲ್ಲ ಕಣೋ," ಅಂದೆ. "ನೀನು ಹೋದ ಮೇಲೆ ಈ ಮನೇಲಿ ಯಾರು ನೆಟ್ಟಗೆ ಊಟ ಮಾಡಿದ್ದಾರೆ?"

ಅವನು ಕಾಯಿನ್ ಬಾಕ್ಸಿಗೆ ಇನ್ನೊಂದು ನಾಣ್ಯ ಹಾಕಿದ ಸದ್ದು ಕೇಳಿತು. ಫೋನ್ ಇಡಲಿಲ್ಲ.